ಎಕ್ಸ್‌ರೇ ಮೇಜಿನ ಮೇಲೆ ಮಲಗಿದ ಸೈಕಲ್ಲು

ಬಿರುಕು ಎನ್ನುವುದು ಯಾವ ವೇಷದಲ್ಲಿ ಬಂದರೂ ತಮ್ಮ ಕಣ್ಣು ತಪ್ಪಿಸಲಾರದು ಎಂದು ಎಕ್ಸ್‌ರೇ ಮಾಮನಿಗೆ ಅಚಲವಾದ ನಂಬಿಕೆ. ಮೂಳೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಲೇ ತಲೆ ಬೆಳ್ಳಗಾದವರು. ಡಾಕ್ಟರು ಕನ್ನಡಕ ಹುಡುಕಿ ಮೂಗಿಗೇರಿಸುವಷ್ಟರಲ್ಲಿ ಇವರು ಮುರಿದ ಜಾಗಕ್ಕೆ ಬೆರಳಿಟ್ಟು ಆಗಿರುತ್ತಿತ್ತು. ಹಾಗಾಗಿ ಭಾನುವಾರ ಸಂಜೆ ಸೈಕಲ್ಲು ಒರೆಸುತ್ತಿದ್ದ ಹೆಂಡತಿ, "ಇಲ್ನೋಡಿ, ಪೈಪು ಸೀಳಿದ ಹಾಗಿದೆ" ಎಂದು ಕರೆದಾಗ ಅವರು ಎದ್ದು ಬಂದ ಗತ್ತೇ ಬೇರೆ!

ಸೀಟಿನಿಂದ ಕೆಳಗಿಳಿಯುವ ಪೈಪು ಪೆಡಲಿನ ಹತ್ತಿರ ಬಂದು ಸೇರುತ್ತದಲ್ಲ, ಅದಕ್ಕಿಂತ ಸ್ವಲ್ಪ ಮೇಲೆ ಕೂದಲೆಳೆಯಂಥ ಒಂದು ಗೆರೆ. ಮಾಮ ಬಗ್ಗಿ ನೋಡಿದರು, ಟಾರ್ಚು ಹಾಕಿ ನೋಡಿದರು, ಚಮಚದಿಂದ ತಟ್ಟಿ ಕಿವಿಯಿಟ್ಟು ಕೇಳಿದರು. ಆಮೇಲೆ ಗಂಟಲು ಸರಿಪಡಿಸಿಕೊಂಡು ತೀರ್ಪು ಕೊಟ್ಟರು. ಬಣ್ಣ ಬಿರಿದಿದೆ, ಅಷ್ಟೇ. ಒಳಗೆ ಕಬ್ಬಿಣ ಗುಂಡುಕಲ್ಲಿನ ಹಾಗಿದೆ.

ಹೆಂಡತಿ ಟೈಲರು. "ಹೊಲಿಗೆ ಬಿಡೋ ಮುಂಚೆ ಬಟ್ಟೇನೂ ಹೀಗೇ ಕಾಣೋದು" ಎಂದಳು.

ಈ ತೀರ್ಪಿನ ಹಿಂದೆ ಮಾಮನ ಸ್ವಾರ್ಥವೂ ಒಂದಿಷ್ಟು ಇತ್ತೆನ್ನುವುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಮಾಮನಿಗೆ ಸೈಕಲ್ಲು ಹೊಡೆಯಲು ಬರುವುದಿಲ್ಲ! ಬೆಳಿಗ್ಗೆ ಹೆಂಡತಿ ಮುಂದೆ ಕೂತು ತುಳಿಯುತ್ತಾಳೆ. ಇವರು ಹಿಂದಿನ ಕ್ಯಾರಿಯರಿನ ಮೇಲೆ, ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ವಿರಾಜಮಾನರಾಗುತ್ತಾರೆ. ದಾರಿಯಲ್ಲಿ ಮೊದಲು ಒಂದು ಏರು, ಆಮೇಲೆ ಲಾರಿಗಳು ಓಡಾಡುವ ಉದ್ದನೆಯ ಇಳಿಜಾರು. ಏರಿನಲ್ಲಿ ಅವಳು ಏದುಸಿರು ಬಿಡುತ್ತಾಳೆ, ಇಳಿಜಾರಿನಲ್ಲಿ ಬ್ರೇಕು ಹಿಡಿಯುತ್ತಿಲ್ಲವೆಂದು ಗೊಣಗುತ್ತಾಳೆ. ಆಸ್ಪತ್ರೆಯ ಗೇಟಿನಲ್ಲಿ ಮಾಮನನ್ನು ಇಳಿಸಿ, ತನ್ನ ಅಂಗಡಿಗೆ ಹೋಗುತ್ತಾಳೆ. ಸೈಕಲ್ಲು ಹಾಸಿಗೆ ಹಿಡಿದರೆ ಆ ಏರನ್ನು ನಡೆದು ಹತ್ತುವವರು ಯಾರು?

"ಬಣ್ಣಾನೋ ಬಿರುಕೋ ನಂಗೆ ಗೊತ್ತಾಗ್ಬೇಕು. ಇಳಿಜಾರಲ್ಲಿ ಪೈಪು ಮುರಿದ್ರೆ ಲಾರಿ ಕೆಳಗೆ ಹೋಗೋಳು ನಾನು" ಎಂದಳು ಹೆಂಡತಿ.

ಮಾಮ ಎದೆಯುಬ್ಬಿಸಿದರು. "ನಾಳೆ ಇದರ ಎಕ್ಸ್‌ರೇನೇ ತೆಗೆದುಬಿಡ್ತೀನಿ. ಬರೀ ಬಣ್ಣ ಅಂತ ಬಂದ್ರೆ ಮತ್ತೆ ಈ ಮಾತು ಎತ್ತಬಾರದು."

"ಬಿರುಕು ಅಂತ ಬಂದ್ರೆ?"

"ಆಮೇಲೆ ನಾನು ಕ್ಯಾರಿಯರ್ ಮೇಲೆ ಕೂತ್ರೆ ಕೇಳು."

ಮರುದಿನ ಬೆಳಗ್ಗೆ ಅವಳು ಸೈಕಲ್ಲನ್ನು ತಳ್ಳಿಕೊಂಡು, ಇವರು ಡಬ್ಬಿ ಹಿಡಿದುಕೊಂಡು ನಡೆದೇ ಹೊರಟರು. ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ಮಾಮನಿಗೆ ಹೆಂಡತಿಯ ತೊಡೆಗಳ ಬಗ್ಗೆ ಹಿಂದೆಂದೂ ಇಲ್ಲದ ಗೌರವ ಹುಟ್ಟಿತ್ತು.

ರೋಗಿಗಳು ಬರುವ ಮೊದಲೇ ಸೈಕಲ್ಲನ್ನು ಹಿಂಬಾಗಿಲಿನಿಂದ ಒಳಗೆ ಸಾಗಿಸಿ ಇಬ್ಬರೂ ಸೇರಿ ಮೇಜಿನ ಮೇಲೆ ಮಲಗಿಸಿದರು. ಹ್ಯಾಂಡಲ್ಲಿಗೆ ನೋವಾಗಬಾರದೆಂದು ಹೆಂಡತಿ ಅದರ ಕೆಳಗೊಂದು ದಿಂಬಿಟ್ಟಳು. ಹೆಸರು, ವಯಸ್ಸು ಕೊಡದೆ ಕಂಪ್ಯೂಟರು ಮುಂದಕ್ಕೆ ಹೋಗಲೊಲ್ಲದು. ಸೈಕಲ್ಲು ಕೊಡಿಸಿದವರು ಅತ್ತೆ, ಆದ್ದರಿಂದ ಮಾಮ ಅತ್ತೆಯ ಹೆಸರನ್ನೇ ಹಾಕಿ, ಅತ್ತೆಯ ವಯಸ್ಸನ್ನೇ ಬರೆದರು. ಆಮೇಲೆ ಗಾಜಿನ ಹಿಂದೆ ನಿಂತು, ಅಭ್ಯಾಸಬಲದಿಂದ, "ಉಸಿರು ಬಿಗಿ ಹಿಡ್ಕೊಳ್ಳಿ" ಎಂದರು. ಸೈಕಲ್ಲು ಹಿಡಿದಿತ್ತೋ ಇಲ್ಲವೋ, ಪಕ್ಕದಲ್ಲಿದ್ದ ಹೆಂಡತಿ ಮಾತ್ರ ಹಿಡಿದಳು.

ಪರದೆಯ ಮೇಲೆ ಚಿತ್ರ ಮೂಡಿತು.

ಹೊರಗೆ ಕೂದಲೆಳೆಯಾಗಿದ್ದ ಗೆರೆ ಒಳಗೆ ಪೈಪನ್ನು ಮುಕ್ಕಾಲುವಾಸಿ ಸುತ್ತಿಕೊಂಡು ಬಂದಿತ್ತು. ಉಳಿದ ಕಾಲುಭಾಗ ಕಬ್ಬಿಣ ಇಬ್ಬರನ್ನೂ ಒಂದು ಡಬ್ಬಿಯನ್ನೂ ಹೊತ್ತುಕೊಂಡು ದಿನಾ ಆ ಇಳಿಜಾರು ಇಳಿಯುತ್ತಿತ್ತು! ಎಷ್ಟೊಂದು ಕಾಲು, ಎಷ್ಟೊಂದು ಕೈ ನೋಡಿದ್ದ ಕಣ್ಣುಗಳು ಇಂಥ ಹಟವನ್ನು ನೋಡಿರಲಿಲ್ಲ. ಎದುರಿಗೆ ಲಾರಿ, ಮುಂದೆ ಹೆಂಡತಿ, ಹಿಂದೆ ಹಾಡು ಗುನುಗುವ ತಾವು. ಅವಳಿಗೆ ಏನಾದರೂ ಆಗಿದ್ದರೆ ಎಂದುಕೊಂಡವರು ಆ ಯೋಚನೆಯನ್ನು ಮುಗಿಸಲಾರದೆ ಅವಳ ಕೈ ಹಿಡಿದುಕೊಂಡರು.

"ಹೊಲಿಗೆ ಬಿಟ್ಟಿದೆ" ಎಂದರು ಮೆಲ್ಲಗೆ.

ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಇಲ್ಲಿ ತೆಗೆದ ಚಿತ್ರ ತಾನಾಗಿಯೇ ಡಾಕ್ಟರ ಕೋಣೆಯ ಪರದೆಗೂ ಹೋಗುತ್ತದೆ ಎನ್ನುವುದು ಮಾಮನಿಗೆ ಮರೆತೇಹೋಗಿತ್ತು. ಡಾಕ್ಟರು ಕಂಡದ್ದು ವಯಸ್ಸಾದ ಹೆಂಗಸಿನ ಹೆಸರು, ಒಂದು ಲೋಹದ ಕೊಳವೆ, ಅದರಲ್ಲಿ ಬಿರುಕು. ಮೂಳೆ ಕೂಡಲೆಂದು ಕಾಲಿನೊಳಗೆ ಹಾಕಿದ ರಾಡು ಮುರಿಯುತ್ತಿದೆ ಎಂದುಕೊಂಡು ಅವರೇ ಸ್ಟ್ರೆಚರು ತಳ್ಳಿಕೊಂಡು ಓಡಿ ಬಂದಿದ್ದರು.

"ಆ ಅಜ್ಜಿ ಕಾಲು ನೆಲಕ್ಕೆ ಊರಿಸ್ಬೇಡ್ರೀ" ಎನ್ನುತ್ತ ಒಳಗೆ ಬಂದವರು ದಿಂಬಿಗೊರಗಿ ಮಲಗಿದ್ದ ಸೈಕಲ್ಲನ್ನು ಕಂಡು ನಿಂತಲ್ಲೇ ನಿಂತರು.

ಮಾಮ ಕೆಲಸ ಹೋಯಿತೆಂದೇ ತೀರ್ಮಾನಿಸಿ ಇದ್ದದ್ದನ್ನೆಲ್ಲ ಒದರಿಬಿಟ್ಟರು. ಡಾಕ್ಟರು ಬೈಯಲಿಲ್ಲ. ಪರದೆಯ ಮುಂದೆ ಬಹಳ ಹೊತ್ತು ನಿಂತರು, ಬಂದು ಪೈಪನ್ನು ಸವರಿದರು. ಆರು ವಾರ ಭಾರ ಹಾಕದೆ ಇಟ್ಟರೆ ಸರಿಹೋದೀತೇ ಎಂದು ಮಾಮ ಕೇಳಿದರು. ಆಸ್ಪತ್ರೆಯಲ್ಲಿ ಅವರು ದಿನಾ ಕೇಳಿಸಿಕೊಳ್ಳುತ್ತಿದ್ದ ಮಾತು ಅದು.

"ಅದು ಮೂಳೆಗೆ ಕಣ್ರೀ. ಮೂಳೆ ಮುರಿದ್ರೆ ಒಳಗಿಂದ ತಾನೇ ಬೆಳ್ಕೊಂಡು ಕೂಡುತ್ತೆ, ನಾವು ಸುಮ್ನೆ ಕಾಯೋದಷ್ಟೇ. ಇದು ಕಬ್ಬಿಣ. ಒಂದ್ಸಲ ಬಿಟ್ರೆ ಬಿಡ್ತಾನೇ ಹೋಗುತ್ತೆ. ಇದನ್ನ ಇನ್ಯಾರೂ ಹತ್ತಬಾರದು."

ದಿನಾ ಕಂಡ ಮೂಳೆಯ ಮಹಿಮೆ ಆ ದಿನ ಹೊಳೆದಂತಾಗಿ ಮಾಮ ತಮ್ಮ ಮೊಣಕಾಲನ್ನು ತಾವೇ ಭಕ್ತಿಯಿಂದ ಮುಟ್ಟಿ ನೋಡಿಕೊಂಡರು.

"ಬಿದ್ದಿತ್ತಾ?" ಡಾಕ್ಟರು ವಿಚಾರಿಸಿದರು. ಇಲ್ಲವೆಂದಳು ಹೆಂಡತಿ. "ಹಾಗಾದ್ರೆ ಭಾರ ಜಾಸ್ತಿಯಾಗಿದೆ. ಹಿಂದೆ ಏನು ಹೊರ್ತೀರಮ್ಮ?"

ಅವಳು ಪಕ್ಕಕ್ಕೆ ನೋಡಿದಳು. ಡಾಕ್ಟರೂ ಅತ್ತಲೇ ನೋಡಿದರು. ಈ ಸಲ ಯಾರೂ ಹೇಳದೆಯೇ ಮಾಮ ಉಸಿರು ಬಿಗಿ ಹಿಡಿದರು.

"ವರ್ಷ ವರ್ಷಾನೂ ಇವರ ಪ್ಯಾಂಟಿನ ಸೊಂಟ ಬಿಚ್ಚಿ ಅಗಲ ಮಾಡ್ತಾನೇ ಇದೀನಿ ಡಾಕ್ಟ್ರೇ. ಸೈಕಲ್ಲಲ್ಲಿ ಬಿಚ್ಚೋಕೆ ಒಳಮಡಿಕೆ ಇಲ್ವಲ್ಲ" ಎಂದಳು ಹೆಂಡತಿ.

ಹಳೆಯ ಚೌಕಟ್ಟು ಗುಜರಿಗೆ ಹೋಯಿತು. ಚಕ್ರ, ಸೀಟು, ಬ್ರೇಕು, ಬೆಲ್ಲು ಹೊಸ ಚೌಕಟ್ಟಿಗೆ ಬಂದವು. ಕ್ಯಾರಿಯರ್ ಬರಲಿಲ್ಲ, ಮಾಮ ಕೇಳಲೂ ಇಲ್ಲ.

ಹೊಸ ಸೈಕಲ್ಲಿನ ಮೊದಲ ಬೆಳಿಗ್ಗೆ ಮಾಮ ಡಬ್ಬಿಯೊಂದಿಗೆ ಏರು ಹತ್ತಿ ನಿಲ್ಲುವುದಕ್ಕೂ ಅವಳು ಬೆಲ್ಲು ಬಾರಿಸುತ್ತ ಪಕ್ಕದಲ್ಲಿ ಹಾದುಹೋಗುವುದಕ್ಕೂ ಸರಿಹೋಯಿತು. ಇಷ್ಟು ವರ್ಷ ಅವರು ಕಂಡದ್ದು ಅವಳ ಬೆನ್ನನ್ನು ಮಾತ್ರ. ಹೆಂಡತಿ ಸೈಕಲ್ಲು ಹೊಡೆಯುವುದನ್ನು ಅವರು ನೋಡಿದ್ದು ಅಂದೇ ಮೊದಲು! ಸೆರಗು ಹಾರಿಸುತ್ತ, ಲಾರಿಯ ಪಕ್ಕದಲ್ಲಿ ನವಿರಾಗಿ ವಾಲಿ, ಇಡೀ ಇಳಿಜಾರನ್ನು ತನ್ನ ಮನೆಯ ಅಂಗಳ ಮಾಡಿಕೊಂಡು ಅವಳು ಇಳಿದುಹೋದಳು. ಮಾಮನಿಗೆ ಕಣ್ಣು ತುಂಬಿ ಬಂತು.

ಮಾಮ ಏದುಸಿರು ಬಿಡುತ್ತ ಆಸ್ಪತ್ರೆಯ ಗೇಟಿಗೆ ಬಂದಾಗ ಅವಳು ಸೈಕಲ್ಲು ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಎಷ್ಟು ಚೆಂದ ಓಡಿಸ್ತೀಯೆ ಎಂದು ಮನಸಾರೆ ಹೊಗಳಿದರು.

ಅವಳು ಬ್ರೇಕನ್ನು ಪ್ರೀತಿಯಿಂದ ಒತ್ತಿ ನೋಡಿದಳು.

"ಇದು ಹಿಡಿಯಲ್ಲ ಹಿಡಿಯಲ್ಲ ಅಂತ ಎಷ್ಟು ಸಲ ರಿಪೇರಿ ಮಾಡ್ಸಿದೆ ಗೊತ್ತಾ? ಪಾಪ, ಬ್ರೇಕಿಂದೇನೂ ತಪ್ಪಿರಲಿಲ್ಲ ಕಣ್ರೀ."