ಹದಿನಾರು ಪದಕ, ಮೂವತ್ತೆರಡು ಕೋಲು

"ಅತ್ತಿಗೆ, ಇದರೊಳಗೆ ನಿಮ್ಮ ಹೆಸರು ಹೇಳಿ. ಬರೀ ಹೆಸರು. ಬೇರೆ ಒಂದಕ್ಷರ ಬೇಡ!"

ನನ್ನ ನಾದಿನಿ ಚಂಪಕಾ ಸೀಮೆಎಣ್ಣೆ ಸುರಿಯುವ ಆಲಿಕೆಯೊಂದನ್ನು ನನ್ನ ಬಾಯಿಗೆ ಹಿಡಿದಿದ್ದಳು. ಐ.ಟಿ.ಐ.ಯಲ್ಲಿ ಇಪ್ಪತ್ತೆಂಟು ವರ್ಷ ಮರಗೆಲಸ ಕಲಿಸಿ ನಿವೃತ್ತಳಾದ ಮೇಲೆ ಅವಳು ಕೊಳ್ಳೇಗಾಲದ ನಮ್ಮ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಯಂತ್ರ ಕಂಡುಹಿಡಿಯುತ್ತಾಳೆ. ಹಿಂದಿನದು ಬಟ್ಟೆ ಒಣಗಿಸುವ ಯಂತ್ರ. ಅದು ನಮ್ಮ ಯಜಮಾನರ ಪಂಚೆಯನ್ನು ಹಾರಿಸಿಕೊಂಡು ಹೋಗಿ ಪೆಟ್ರೋಲ್ ಬಂಕಿನ ಬೋರ್ಡಿಗೆ ಉಡಿಸಿತ್ತು.

ಈ ಸಲದ್ದರ ಹೆಸರು 'ನಾಮಕರಣಿ'. ಹೊಲಿಗೆ ಮಿಷನ್ನಿನ ಕಾಲು, ಮಿಕ್ಸಿಯ ಮೋಟಾರು, ಎರಡು ತಂತಿಯ ಕೈ, ಕಿವಿಗೆ ಈ ಆಲಿಕೆ. ನಡುವೆ ಕೂದಲಿನಷ್ಟು ತೆಳ್ಳಗಿನ ಅಲಗೊಂದು ಮೇಲೆ ಕೆಳಗೆ ಕುಣಿಯುತ್ತದೆ. ಅಂಥ ಗರಗಸಕ್ಕೆ ಸ್ಕ್ರೋಲ್ ಸಾ ಅನ್ನುತ್ತಾರಂತೆ.

"ವಾರಿಜಾ," ಅಂದೆ.

ಜರ್ರ್ ಜರ್ರ್! ತಂತಿಯ ಕೈಗಳು ಹಲಗೆಯನ್ನು ಗರಗರ ತಿರುಗಿಸಿದವು. ಹನ್ನೊಂದು ಸೆಕೆಂಡಿಗೆ, ಹೂವಿನ ಚೌಕಟ್ಟಿನೊಳಗೆ ನನ್ನ ಹೆಸರು ಕೂತಿದ್ದ ಪದಕ ನನ್ನ ಮಡಿಲಿಗೆ ಬಿತ್ತು.

"ಅಯ್ಯೋ, ಎಷ್ಟು ಚೆನ್ನಾಗಿದೆಯೇ!"

ಜರ್ರ್! ಇನ್ನೊಂದು ಪದಕ ಬಿತ್ತು. ಅದರ ಮೇಲೆ 'ಅಯ್ಯೋ' ಅಂತಿತ್ತು.

"ಹಲಗೆ ದಂಡ! ಬಾಯಿ ಮುಚ್ಚಿಕೊಂಡಿರಿ ಅಂದೆ ತಾನೆ?"

"ಹೊಗಳಿದ್ದೂ ತಪ್ಪಾ?"

ಜರ್ರ್! 'ತಪ್ಪಾ.'

ಅವಳ ಆತುರಕ್ಕೆ ಕಾರಣವಿತ್ತು. ನಾನೂ ಚಂಪಕಾಳೂ ಸೇರಿ ನಮ್ಮ ಬೀದಿಯ ಹೆಂಗಸರದು ಹದಿನಾರು ಜನರ ಕೋಲಾಟದ ತಂಡ. ಹೋದ ವರ್ಷ ಚಾಮರಾಜನಗರದ ಸ್ಪರ್ಧೆಯಲ್ಲಿ ಕುಣಿದು ಕಾಲು ಬಾತುಕೊಂಡು ಬಂದೆವು. ಸಿಕ್ಕಿದ ಒಂದೇ ಪ್ರಮಾಣಪತ್ರದಲ್ಲಿ 'ಪುಟ್ಟತಾಯಮ್ಮ ಮತ್ತು ಇತರರು' ಅಂತ ಅಚ್ಚಾಗಿತ್ತು. ಹದಿನೈದು ಜನ ಇತರರು! ಸರದಿಯ ಮೇಲೆ ಅದನ್ನು ವಾರಕ್ಕೊಬ್ಬರಂತೆ ಮನೆಗೆ ಕೊಂಡೊಯ್ದೆವು. ಅವತ್ತೇ ಚಂಪಕಾ ಹಟ ಹಿಡಿದಳು. "ಮುಂದಿನ ಸಲ ಒಬ್ಬೊಬ್ಬರ ಹೆಸರೂ ಒಬ್ಬೊಬ್ಬರ ಎದೆ ಮೇಲಿರುತ್ತೆ. ಕುರುಡನೂ ಕೈಯಾಡಿಸಿ ಓದಬೇಕು, ಹಾಗೆ!"

ಆ ಮುಂದಿನ ಸಲ ನಾಳೆಯೇ.

ಹತ್ತು ಗಂಟೆಗೆ ತಂಡವೆಲ್ಲ ಕೋಲು ಹಿಡಿದು ಶೆಡ್ಡಿಗೆ ಬಂತು. ಮೊದಲು ತಂಡದ ಹಿರಿಯಳು ಪುಟ್ಟತಾಯಮ್ಮ. ಆಕೆ ಮೆಲ್ಲಗೆ ಮಾತಾಡಿದರೂ ಬಸ್‌ಸ್ಟ್ಯಾಂಡಿಗೆ ಕೇಳಿಸುತ್ತದೆ. ಹೆಸರು ಹೇಳಿದರು. ಪದಕ ಬಂತು. ಕೈಗೆತ್ತಿಕೊಂಡದ್ದೇ ಅದರಿಂದ ಎರಡು ಚೂರು ಟಪ್ ಟಪ್ ಅಂತ ನೆಲಕ್ಕೆ ಉದುರಿದವು.

"ಏನಮ್ಮಾ ಇದು, 'ಪುಟತಾಯಮ' ಅಂತಿದೆ!"

"ಒತ್ತಕ್ಷರ ಬಿದ್ದುಹೋಯ್ತು," ಚಂಪಕಾ ತಲೆ ಕೆರೆದುಕೊಂಡಳು. "ಒತ್ತಿಗೂ ಮೇಲಿನ ಅಕ್ಷರಕ್ಕೂ ನಡುವೆ ಸಣ್ಣ ಎಳೆ ಉಳಿಸಬೇಕಿತ್ತು. ಯಂತ್ರ ಅಕ್ಷರ ಕಲಿತಿದೆ, ಒತ್ತು ಕಲಿತಿಲ್ಲ."

"ಅರವತ್ತೆಂಟು ವರ್ಷ ಕಾಪಾಡಿಕೊಂಡು ಬಂದ ಒತ್ತು ಕಣೇ ಅದು!"

ಪಕ್ಕದಲ್ಲಿ ನಿಂತಿದ್ದ ರೇಷ್ಮೆ ನೂಲು ಬಿಚ್ಚುವ ಕೆಲಸದ ಹಲೀಮಾ ನನ್ನ ಕಿವಿಯಲ್ಲಿ, "ಬಾಯಿಬಡಕಿ," ಅಂದಳು. ಪಿಸುಮಾತು! ಯಂತ್ರಕ್ಕೆ ಅದೂ ಕೇಳಿಸಿತು. ಜರ್ರ್! ಮುಂದಿನ ಪದಕ ನೇರ ಪುಟ್ಟತಾಯಮ್ಮನ ಕೈಗೇ ಬಿತ್ತು. ಆಕೆ ಕನ್ನಡಕ ಹಾಕಿಕೊಂಡು ಓದಿದರು.

"ಯಾರೇ ಬಾಯಿಬಡಕಿ?"

ಅಲ್ಲಿಂದ ಶುರುವಾಯಿತು. ಒಬ್ಬರು ಹಲೀಮಾಳ ಕಡೆ, ಇನ್ನೊಬ್ಬರು ಪುಟ್ಟತಾಯಮ್ಮನ ಕಡೆ. ಹೋದ ವರ್ಷ ಹೆಜ್ಜೆ ತಪ್ಪಿದ್ದು ಯಾರು, ಯಾರ ಕಾಲನ್ನು ಯಾರು ತುಳಿದದ್ದು, ಎಲ್ಲ ಹೊರಬಂತು. ಯಂತ್ರಕ್ಕೆ ಹಬ್ಬ! 'ನೀನೇ', 'ನಾಚಿಕೆ ಇಲ್ವಾ', 'ಹೋಗೇ'. ಪದಕಗಳು ಹುರಿದ ಅರಳಿನಂತೆ ಸಿಡಿದು ಬೀಳತೊಡಗಿದವು. ಐದು ನಿಮಿಷಕ್ಕೆ ಹಲಗೆಯೆಲ್ಲ ಖಾಲಿ.

ಯಂತ್ರ ಹಲಗೆಯಿದ್ದ ಜಾಗವನ್ನು ತಡಕಾಡಿತು. ಆಮೇಲೆ ತಂತಿಯ ಕೈ ಚಾಚಿ, ನಾನು ಕೂತಿದ್ದ ಮಣೆಯನ್ನೇ ಎಳೆದುಕೊಂಡಿತು! ನಾನು ಕೆಳಗೆ, ಮಣೆ ಅದರ ಬಾಯಿಗೆ.

"ಮಣೆ ಬಿಡೇ, ಅದು ನಮ್ಮಮ್ಮ ಕೊಟ್ಟಿದ್ದು!"

ಮಣೆಯಾದ ಮೇಲೆ ಮೂಲೆಯಲ್ಲಿಟ್ಟಿದ್ದ ಕೋಲುಗಳು. ಎರಡೆರಡಾಗಿ ಎತ್ತಿಕೊಂಡು ಗೀರತೊಡಗಿತು.

"ಪ್ಲಗ್ ಕೀಳೇ ಚಂಪಕಾ!"

"ಕಿತ್ತಾಯ್ತು! ಕರೆಂಟು ಹೋದರೂ ನಿಲ್ಲಬಾರದು ಅಂತ ಬ್ಯಾಟರಿ ನಾನೇ ಹಾಕಿದ್ದೇನೆ!" ಅದನ್ನೂ ಹೆಮ್ಮೆಯಿಂದಲೇ ಹೇಳಿದಳು. "ಮಾತು ನಿಂತರೆ ಮಾತ್ರ ಅದು ನಿಲ್ಲುತ್ತೆ. ಎಲ್ಲರೂ ಸುಮ್ಮನಾಗಿ!"

ಹದಿನಾರು ಹೆಂಗಸರು, ಅದೂ ಜಗಳದ ಮಧ್ಯೆ! ಆದರೂ ಒಬ್ಬೊಬ್ಬರೇ ಸುಮ್ಮನಾದೆವು. ಕೊನೆಗೆ ಪುಟ್ಟತಾಯಮ್ಮ ಸೆರಗನ್ನು ಪೂರ್ತಿ ಬಾಯಿಗೆ ತುರುಕಿಕೊಂಡರು. ಗರಗಸ ನಿಂತಿತು. ಚಂಪಕಾ ತುದಿಗಾಲಲ್ಲಿ ಹೋಗಿ ಬ್ಯಾಟರಿಯ ತಂತಿ ಕಿತ್ತಳು.

ಮೂವತ್ತೆರಡು ಕೋಲುಗಳಿಗೂ ಉದ್ದಕ್ಕೂ ಸಣ್ಣ ಸಣ್ಣ ಗೀರು, ತೂತು. ಹದಿನಾರು ಪದಕಗಳಲ್ಲಿ ತಯಾರಾದದ್ದು ನನ್ನದೊಂದೇ.

"ಬಿಟ್ಟುಬಿಡೇ," ಅಂದೆ. "ಇತರರಾಗಿಯೇ ಕುಣಿಯೋಣ."

ಚಂಪಕಾ ಸ್ಪ್ಯಾನರ್ ತೆಗೆದುಕೊಂಡು ಯಂತ್ರದ ಕೈ, ಕಿವಿ, ಮೋಟಾರು ಎಲ್ಲ ಬಿಚ್ಚಿದಳು. ಉಳಿದದ್ದು ಅಲಗು ಮತ್ತು ಹೊಲಿಗೆ ಮಿಷನ್ನಿನ ಪೆಡಲು. "ಹಲಗೆ ಕೊಡಿ," ಅಂದಳು. ಅವಳ ಮುಖ ನೋಡಿ ನನ್ನ ಮದುವೆಯ ಬೀರುವಿನ ಹಿಂದಿನ ಪ್ಲೈವುಡ್ಡನ್ನು ನಾನೇ ಕಿತ್ತು ತಂದೆ.

ನಾಲ್ಕು ನಾಲ್ಕು ಹಲಗೆಗಳನ್ನು ಒಂದರ ಮೇಲೊಂದಿಟ್ಟು ಟೇಪು ಸುತ್ತಿದಳು. ಒಂದು ಸಲ ಹೂವು ಕತ್ತರಿಸಿದರೆ ನಾಲ್ಕು ಹೂವು. ಆಮೇಲೆ ಹೆಸರುಗಳು, ಒಂದೊಂದಾಗಿ. ಪುಟ್ಟತಾಯಮ್ಮ ಪಕ್ಕದಲ್ಲೇ ಕೂತು ಮರಳುಕಾಗದದಿಂದ ಅಂಚು ಉಜ್ಜಿದರು. ಹಲೀಮಾ ರೇಷ್ಮೆ ದಾರ ಪೋಣಿಸಿದಳು. ಇಬ್ಬರೂ ಮಾತಾಡಲಿಲ್ಲ, ಆದರೆ ದಾರವನ್ನೂ ಪದಕವನ್ನೂ ಒಬ್ಬರಿಂದೊಬ್ಬರು ಇಸಿದುಕೊಂಡರು. ನಾಲ್ಕು ಗಂಟೆಗೆ ಚಂಪಕಾಳ ಬಲ ಮಣಿಕಟ್ಟು ಊದಿ ಬದನೆಕಾಯಿಯಾಗಿತ್ತು. ಒದ್ದೆ ಬಟ್ಟೆ ಸುತ್ತಿದೆ. ಅವಳು ಎಡಗೈಯಲ್ಲಿ ಮುಂದುವರಿಸಿದಳು. ದೀಪ ಹಚ್ಚುವ ಹೊತ್ತಿಗೆ ಹದಿನಾರೂ ಮುಗಿದವು. ಒಂದು ಒತ್ತಕ್ಷರವೂ ಉದುರಲಿಲ್ಲ.

ಮರುದಿನ ವೇದಿಕೆ ಹತ್ತಿದೆವು. ಬೇರೆ ಕೋಲು ಸಿಕ್ಕಿರಲಿಲ್ಲ, ಗೀರು ಬಿದ್ದವೇ ಕೈಯಲ್ಲಿದ್ದವು. ಮೊದಲ ಹೆಜ್ಜೆ ಹಾಕಿ, ಕೋಲು ಬೀಸಿದೆವು.

ಪುಟ್ಟತಾಯಮ್ಮನ ಕೋಲು ಹಲೀಮಾಳ ದನಿಯಲ್ಲಿ, "ಬಾಯಿಬಡಕಿ!" ಅಂತು.

ಹಲೀಮಾಳ ಕೋಲು ಪುಟ್ಟತಾಯಮ್ಮನ ದನಿಯಲ್ಲಿ, "ಯಾರೇ ಬಾಯಿಬಡಕಿ?" ಅಂತು.

ನನ್ನ ಕೋಲು, "ಮಣೆ ಬಿಡೇ, ಅದು ನಮ್ಮಮ್ಮ ಕೊಟ್ಟಿದ್ದು!"

ನಮ್ಮ ಕಾಲು ಮರಗಟ್ಟಿತು. "ಕೋಲಲ್ಲಿ ಅಕ್ಷರಕ್ಕೆ ಜಾಗ ಸಾಲದೆ ಯಂತ್ರ ನಿನ್ನೆ ಕೇಳಿಸಿಕೊಂಡ ದನಿಯನ್ನೇ ಗೀರಿಬಿಟ್ಟಿದೆ, ಗ್ರಾಮಫೋನ್ ತಟ್ಟೆ ಥರ!" ಚಂಪಕಾ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಯಾರೂ ನಿಲ್ಲಬೇಡಿ! ಹೆಜ್ಜೆ ಹಾಕಿ!"

ಹಾಕಿದೆವು. ಬೀಸು ಜೋರಾದಷ್ಟೂ ಜಗಳ ಜೋರಾಯಿತು. ತಾಳಕ್ಕೆ ಸರಿಯಾಗಿ 'ನೀನೇ', 'ಹೋಗೇ', 'ನಾಚಿಕೆ ಇಲ್ವಾ'! ಸಭಾಂಗಣ ಬಿದ್ದು ಬಿದ್ದು ನಕ್ಕಿತು. ತೀರ್ಪುಗಾರರೊಬ್ಬರು ಕುರ್ಚಿಯಿಂದ ಜಾರಿದರು.

ಮುಗಿದ ಮೇಲೆ ಮೈಕ್ ಹಿಡಿದವರು ನಮ್ಮ ಹತ್ತಿರ ಬಂದು, ಕತ್ತು ಬಗ್ಗಿಸಿ, ಒಂದೊಂದೇ ಪದಕ ಓದಿದರು. ಹದಿನಾರು ಹೆಸರು, ಹದಿನಾರು ಚಪ್ಪಾಳೆ. "ಹಲೀಮಾ" ಅಂದಾಗ ಅವಳು ಮುಂದೆ ಬಂದು, "ಇನ್ನೊಂದ್ಸಲ ಹೇಳಿ ಸಾರ್," ಅಂದಳು. ಹೇಳಿದರು. ಬಟ್ಟೆ ಸುತ್ತಿದ ಕೈಯನ್ನು ಚಂಪಕಾ ಬೆನ್ನ ಹಿಂದೆ ಮರೆಸಿಕೊಂಡಿದ್ದಳು. ನಾನು ಅದನ್ನು ಹಿಡಿದುಕೊಂಡೆ.

ಕೋಲಾಟದಲ್ಲಿ ನಮಗೆ ಕೊನೆಯ ಸ್ಥಾನ. ಅಲ್ಲೇ ನಡೆದ ನಾಟಕ ಸ್ಪರ್ಧೆಯಲ್ಲಿ ಮೊದಲನೆಯದು, ನಾವು ನಾಟಕಕ್ಕೆ ಹೆಸರು ಕೊಟ್ಟೇ ಇರಲಿಲ್ಲ! ಎರಡನೆಯ ಸ್ಥಾನ ಪಡೆದ ನಾಟಕ ತಂಡದವರು ದೂರು ಬರೆದುಕೊಟ್ಟಿದ್ದಾರೆ. ಅತ್ತೆ ಸೊಸೆ ಜಗಳದ ದೃಶ್ಯವೊಂದನ್ನೇ ಅವರು ಆರು ತಿಂಗಳು ಬಾಯಿಪಾಠ ಮಾಡಿದ್ದರಂತೆ. ಪಾಪ, ಅವರ ಮನೆಗಳಲ್ಲಿ ಯಾರೂ ಮಾತಾಡುವುದಿಲ್ಲವೋ ಏನೋ.