ಕಡಗೋಲಿಗೆ ಸಿಕ್ಕ ಇಂಜಿನ್ನು

ಹೆಂಗಸೊಬ್ಬಳು ಸ್ಪ್ಯಾನರ್ ಹಿಡಿದರೆ ಸಾಕು, ನಗೆಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಚಪ್ಪಲಿ ಮೆಟ್ಟಿಕೊಂಡು ಮನೆ ಬಾಗಿಲಿಗೆ ಬರುತ್ತವೆ.

ರಾಜಾಜಿನಗರ ಆಗ ಅರ್ಧ ಬಡಾವಣೆ, ಅರ್ಧ ರಾಗಿ ಹೊಲ. ಹೊಸ ಕಾರ್ಖಾನೆಗಳ ಗೇಟಿನ ಮುಂದೆ ಬೆಳಿಗ್ಗೆ ಇಡ್ಲಿ ಮಾರುವುದು ನನ್ನ ಕಸುಬು. ಮೊದಲು ತಲೆ ಮೇಲೆ ಬುಟ್ಟಿ. ಆಮೇಲೆ, ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಒಂದು ಹಳೇ ವ್ಯಾನು. ಯಾರೂ ಕೊಡಿಸಿದ್ದಲ್ಲ, ನನ್ನ ಇಡ್ಲಿಯೇ ಕೊಡಿಸಿದ್ದು. ಆದರೆ ಮಾಗಡಿ ರೋಡಿನ ಏರು ಬಂತೆಂದರೆ ಅದು ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ಒಂದು ದಿನ ನಿಂತದ್ದು ಮತ್ತೆ ಏಳಲೇ ಇಲ್ಲ, ತಳ್ಳಿಸಿ ಮನೆಗೆ ತಂದೆ. ನಾನು ಮತ್ತೆ ಬುಟ್ಟಿ ಹೊತ್ತೆ.

ಮನೆ ಮಾಲೀಕರಿಗೆ ಅಂಗಳದಲ್ಲಿ ನಿಂತ ವ್ಯಾನು ಕಣ್ಣಿಗೆ ಬಿದ್ದ ಕಸ.

"ವಿಜಯದಶಮಿ ಸಂಜೆ ಬನ್ನಿ ಹಂಚೋ ಹೊತ್ತಿಗೆ ಇದು ತಾನಾಗೇ ಗೇಟು ದಾಟ್ಬೇಕು. ಇಲ್ದಿದ್ರೆ ಗುಜರಿಯವನಿಗೆ ತೂಕಕ್ಕೆ ಹಾಕಿಸ್ತೀನಿ" ಅಂದರು.

"ದಾಟತ್ತೆ. ಗೇಟು ನೀವೇ ತೆಗೀಬೇಕು" ಅಂದೆ.

ಇಂಜಿನ್ನನ್ನು ಅದುವರೆಗೆ ನಾನು ಒಂದು ಸಲವೂ ಬಿಚ್ಚಿದವಳಲ್ಲ. ಅದನ್ನು ಅವರಿಗೆ ಹೇಳಬೇಕಾದ ಅಗತ್ಯ ಕಾಣಲಿಲ್ಲ.

೧. ಹರಿದ ಪುಟ

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ದಿನಸಿ ಪೊಟ್ಟಣ ಬಿಚ್ಚಿ, ಕಾಗದ ಸವರಿ, ಅಕ್ಷರ ಕೂಡಿಸಿ ಕೂಡಿಸಿ ಓದು ಕಲಿತವಳು. ಹಾಗಾಗಿ ರದ್ದಿ ಅಂಗಡಿಯಲ್ಲಿ ಮೋಟಾರು ರಿಪೇರಿಯ ಹಳೇ ಪುಸ್ತಕವೊಂದು ಸಿಕ್ಕಾಗ ಬಿಡಲಿಲ್ಲ.

ಇಂಜಿನ್ನಿನ ಮೇಲೆ ಕೂರುವ ಕಬ್ಬಿಣದ ದಪ್ಪ ಮುಚ್ಚಳಕ್ಕೆ ಹೆಡ್ಡು ಅನ್ನುತ್ತಾರೆ. ಪೆಟ್ರೋಲು ಬೆರೆತ ಗಾಳಿ ಒಳಗೆ ಬರುವುದಕ್ಕೆ, ಹೊಗೆ ಹೊರಗೆ ಹೋಗುವುದಕ್ಕೆ ಅದರಲ್ಲಿ ದಾರಿಗಳಿರುತ್ತವೆ. ಎರಕ ಹೊಯ್ದಾಗ ಉಳಿದ ಉಬ್ಬುತಗ್ಗು, ಅದರ ಮೇಲೆ ವರ್ಷಗಳ ಮಸಿ. ಅದನ್ನೆಲ್ಲ ಅರದಿಂದ ಕೆರೆದು ನುಣ್ಣಗೆ ಮಾಡಿದರೆ ಇಂಜಿನ್ನು ಸಲೀಸಾಗಿ ಉಸಿರಾಡುತ್ತದೆ, ನೆಗಡಿ ಬಿಟ್ಟ ಮೂಗಿನ ಹಾಗೆ. ಇಷ್ಟು ಓದಿ ಖುಷಿಯಾಯಿತು. ಪುಟದ ಕೊನೆಯ ಸಾಲು: "ದಾರಿಗಳನ್ನು ಉಜ್ಜುವಾಗ ಎಂದಿಗೂ." ಮುಂದಿನ ಪುಟ ಹರಿದುಹೋಗಿತ್ತು.

ಎಂದಿಗೂ ಏನು? ರದ್ದಿ ಅಂಗಡಿಯವನನ್ನು ಕೇಳಿದರೆ, "ಕಡಲೇಕಾಯಿ ಕಟ್ಟೋಕೆ ಹೋಗಿರ್ಬೇಕಮ್ಮ" ಅಂದ. ಮೈಸೂರು ರೋಡಿನ ಮೆಕ್ಯಾನಿಕ್ಕನ ಹತ್ತಿರ ಹೋದೆ. ಅವನು ಬೀಡಿ ತುಟಿಯಲ್ಲೇ ಇಟ್ಟುಕೊಂಡು ಸಾಲು ಓದಿಸಿಕೊಂಡ. ತನ್ನ ಹುಡುಗರ ಕಡೆ ಕಣ್ಣು ಹೊಡೆದ.

"ಇನ್ನೇನಕ್ಕ, 'ಎಂದಿಗೂ ಹೆಂಗಸರ ಕೈಗೆ ಕೊಡಬಾರದು' ಅಂತಿರತ್ತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ.

"ಹಾಗಿದ್ರೆ ಹರಿದದ್ದೇ ಒಳ್ಳೇದಾಯ್ತು ಬಿಡು. ಓದಿದ್ದನ್ನ ಮೀರೋಕೆ ನಂಗೆ ಮನಸ್ಸು ಬರಲ್ಲ."

೨. ಬೆಣ್ಣೆ ಬಾರದ ಮಜ್ಜಿಗೆ

ಹೆಡ್ಡು ಬಿಚ್ಚಿ ಅಡುಗೆಮನೆಗೆ ತಂದೆ. ಉಬ್ಬುಗಳನ್ನು ಅರದಲ್ಲಿ ಕೆರೆದದ್ದಾಯಿತು. ನುಣುಪು ಮಾಡಲು ಒಳಗೇನೋ ಗಿರಗಿರನೆ ತಿರುಗಬೇಕು. ಮೆಕ್ಯಾನಿಕ್ಕುಗಳಿಗೆ ಕರೆಂಟಿನ ಮಿಷನ್ನು ಉಂಟು. ನನ್ನ ಮನೆಯಲ್ಲಿ ಗಿರಗಿರ ತಿರುಗುವುದು ಒಂದೇ: ಮಜ್ಜಿಗೆ ಕಡೆಯುವ ಕಡಗೋಲು.

ಅದರ ಬುಡದ ಮರದ ಗುಂಡು ಕಿತ್ತು, ಆ ತುದಿಗೆ ತುಕ್ಕು ಉಜ್ಜುವ ಉಪ್ಪುಕಾಗದ ಸುತ್ತಿದೆ. ಹೆಡ್ಡನ್ನು ಬಾಯಿ ಮೇಲೆ ಮಾಡಿ ಇಟ್ಟು, ಕೋಲನ್ನು ದಾರಿಯೊಳಗೆ ಇಳಿಸಿ, ಕಂಬಕ್ಕೆ ಕಟ್ಟಿ, ಹಗ್ಗ ಎಳೆದೆ. ಕರ್ರೋ ಎಂದು ಇಡೀ ಮನೆ ಹಲ್ಲು ಕಡಿಯಿತು.

ಮಾಲೀಕರ ತಾಯಿ, ನಾನು ಅಜ್ಜಿ ಅನ್ನುವವರು, ಪಕ್ಕದ ಮನೆಯಿಂದ ಜಗಳಕ್ಕೇ ಎದ್ದು ಬಂದರು. "ಏನೇ ಇದು, ಕಿವಿ ತೂತಾಗೋ ಸದ್ದು!" ಅಂದವರ ಕಣ್ಣು ನನ್ನ ಕೈ ಮೇಲೆ ಬಿತ್ತು. ಅವರಿಗೆ ತಡೆಯಲಾಗಲಿಲ್ಲ.

"ಥೂ, ಹಗ್ಗ ಹಿಡಿಯೋ ರೀತಿಯೇನೇ ಅದು? ಒಂದು ಕೈ ಎಳೆದ್ರೆ ಇನ್ನೊಂದು ಕೈ ಸಡಿಲ ಬಿಡ್ಬೇಕು ಕಣೇ. ಸರಿ ಅತ್ಲಾಗೆ."

ಸೆರಗು ಸಿಕ್ಕಿಸಿ ಕೂತರು. ಕರ್ರೋ ಎನ್ನುತ್ತಿದ್ದದ್ದು ಸರ್ರ್ ಸರ್ರ್ ಆಯಿತು. ದಿನಾ ಮಧ್ಯಾಹ್ನ ಅಜ್ಜಿ ಹಾಜರು. ಒಂದು ದಿನ ಮಾಲೀಕರು ತಮ್ಮ ಹಿತ್ತಿಲಿಂದಲೇ ಕೂಗಿದರು.

"ಏನಮ್ಮಾ ಅದು ಸದ್ದು?"

"ಮಜ್ಜಿಗೆ ಕಡೀತಿದೀನಿ ಕಣೋ!"

"ನಂಗೊಂದು ಲೋಟ ಕೊಡು ಹಾಗಾದ್ರೆ!"

ಅಜ್ಜಿ ಮಸಿ ಮೆತ್ತಿದ ಕೈ ನೋಡಿಕೊಂಡು, "ತಾಳೋ. ಬೆಣ್ಣೆ ಇನ್ನೂ ಕರ್ರಗಿದೆ" ಅಂದರು.

೩. ಬೆರಳು ಆಯುಧವಲ್ಲ

ನೋಡನೋಡುತ್ತ ಆಯುಧಪೂಜೆ ಬಂತು, ಗಡುವಿಗೆ ಒಂದೇ ದಿನ ಉಳಿಯಿತು. ವ್ಯಾನು ಇನ್ನೂ ಬಿಡಿಬಿಡಿ. ಪುರೋಹಿತರು ಬಂದವರು ಅಂಗಳದಲ್ಲಿ ಸಾಲಾಗಿ ಇಟ್ಟಿದ್ದ ಸಾಮಾನು ನೋಡಿ, "ಗಾಡಿ ಎಲ್ಲಮ್ಮ?" ಅಂದರು.

"ಇದೇ ಸ್ವಾಮಿ."

"ಮುಂಭಾಗ ಯಾವುದು?"

"ನೀವು ಎಲ್ಲಿಂದ ಶುರು ಮಾಡ್ತೀರೋ ಅದೇ."

ಪಾಪ, ಒಂದೊಂದು ನಟ್ಟಿಗೂ ಕುಂಕುಮ ಇಟ್ಟರು. ಹೆಡ್ಡಿನ ದಾರಿಗಳಿಗೆ ನಾನು ಬಟ್ಟೆ ತುರುಕಿದ್ದೆ. ಸೈಲೆನ್ಸರ್ ಕೊಳವೆ ಬಾಯಿ ಮೇಲೆ ಮಾಡಿಕೊಂಡು ಗೋಡೆಗೆ ಒರಗಿತ್ತು. ಅದು ಎತ್ತರವಾಗಿದ್ದದ್ದರಿಂದ ಅದೇ ಮುಖ್ಯ ದೇವರೆಂದುಕೊಂಡರೋ ಏನೋ, ಮಂತ್ರಕ್ಕೊಂದು ಹಿಡಿಯಂತೆ ಅಕ್ಷತೆ ಅದರ ನೆತ್ತಿಗೇ ಹಾಕಿದರು.

ಮಾಲೀಕರು ಕಟ್ಟೆ ಮೇಲೆ ನಿಂತು, "ಇದು ಆಯುಧಪೂಜೆ ಥರ ಇಲ್ಲ, ತಿಥಿ ಥರ ಇದೆ" ಅಂದರು.

"ತಿಥಿ ಆಗಿದ್ರೆ ಊಟ ಹಾಕ್ತಿದ್ದೆ ಸ್ವಾಮಿ. ಮೊದಲು ಕಾಗೆಗೆ, ಆಮೇಲೆ ನಿಮಗೆ."

ಅವರ ಮುಖ ಕೆಂಪಾಯಿತು. "ಪೂಜೆಗಿಟ್ಟ ಆಯುಧ ನಾಳೆ ತನಕ ಮುಟ್ಟೋ ಹಾಗಿಲ್ಲ. ನೆನಪಿರ್ಲಿ!"

ಅದು ನಿಜವೇ. ಅರ, ಸ್ಪ್ಯಾನರು, ಕೊನೆಗೆ ಕಡಗೋಲು, ಎಲ್ಲ ಹೂವು ಮುಡಿದು ಮಣೆ ಮೇಲೆ ಕೂತಿದ್ದವು. ಆದರೆ ದಾರಿಗಳು ಬಾಗುವ ಕಡೆ ಕಡಗೋಲು ಹೋಗುತ್ತಿರಲಿಲ್ಲ, ಅಲ್ಲಿ ಉಜ್ಜುವುದು ಬಾಕಿ ಇತ್ತು. ನಾನು ಹೆಡ್ಡನ್ನು ತೊಡೆ ಮೇಲೆ ಇಟ್ಟುಕೊಂಡು, ಉಪ್ಪುಕಾಗದವನ್ನು ಬೆರಳಿಗೆ ಸುತ್ತಿ ಸಂಜೆವರೆಗೆ ಉಜ್ಜಿದೆ. ಮಾಲೀಕರು ಪುರೋಹಿತರನ್ನೇ ಎಳೆದು ತಂದರು, "ನೋಡಿ, ಆಯುಧ ಬಳಸ್ತಿದಾಳೆ!"

ಪುರೋಹಿತರು ಬಗ್ಗಿ ನೋಡಿದರು. "ಬೆರಳಿಗೆ ಕುಂಕುಮ ಇಟ್ಟಿಲ್ಲವಲ್ಲ. ಉಜ್ಜಿಕೊಳ್ಳಲಿ ಬಿಡಿ."

೪. ಆಶೀರ್ವಾದ

ದಶಮಿ ದಿನ ಬೆಳಿಗ್ಗೆ ಸ್ಪ್ಯಾನರಿನ ಹೂವು ತೆಗೆದು ಕೈಗೆತ್ತಿಕೊಂಡವಳು ಊಟಕ್ಕೂ ಏಳಲಿಲ್ಲ. ಹೆಡ್ಡು ಕೂತಿತು, ಕೊಳವೆಗಳು ಸೇರಿದವು, ಸೈಲೆನ್ಸರ್ ಹಿಂದೆ ಹೋಯಿತು. ಬನ್ನಿ ಹಂಚುವ ಹೊತ್ತಿಗೆ ಮಾಲೀಕರು ಜರಿಪೇಟ ಸುತ್ತಿಕೊಂಡು ಬಂದರು. ಪಕ್ಕದಲ್ಲಿ ಗುಜರಿಯವನು, ಅವನ ಪಕ್ಕದಲ್ಲಿ ತಕ್ಕಡಿ. ಮೈಸೂರು ರೋಡಿನ ಮೆಕ್ಯಾನಿಕ್ಕೂ ತಮಾಷೆ ನೋಡಲು ಬಂದಿದ್ದ. ಬಂದವನು ಯಾಕೆ ಸುಮ್ಮನಿರಬೇಕು? ಇಂಜಿನ್ನು ತಿರುಗಿಸುವ ಹ್ಯಾಂಡಲ್ಲನ್ನು ಅವನ ಕೈಗೇ ಕೊಟ್ಟು ನಾನು ಸ್ಟೇರಿಂಗ್ ಹಿಂದೆ ಕೂತೆ.

ಅವನು ತಿರುಗಿಸಿದ. ವ್ಯಾನು ಒಂದು ಸಲ ಆಕಳಿಸಿತು. ಇನ್ನೊಮ್ಮೆ ತಿರುಗಿಸಿದ. ಸೀನಿ ಸುಮ್ಮನಾಯಿತು. ಬುಟ್ಟಿಯ ಭಾರ ನೆತ್ತಿಗೆ ನೆನಪಾಯಿತು.

"ಹಿಂದೆ ಬಂದು ತೂಕ ಅಂದಾಜು ಮಾಡ್ಕೋ" ಎಂದು ಮಾಲೀಕರು ಗುಜರಿಯವನನ್ನು ಕರೆದುಕೊಂಡು ವ್ಯಾನಿನ ಹಿಂದಕ್ಕೆ ಹೋದರು. ಸೈಲೆನ್ಸರ್ ಕಡೆ ಬಗ್ಗಿ, "ಈ ಕೊಳವೆಯೊಂದೇ ಎಷ್ಟು ಭಾರ ನೋಡು" ಅನ್ನುತ್ತಿದ್ದರು.

ಮೆಕ್ಯಾನಿಕ್ಕು ಹಲ್ಲು ಕಚ್ಚಿ ಮೂರನೇ ಸಲ ತಿರುಗಿಸಿದ. ಇಂಜಿನ್ನು ಹತ್ತಿಕೊಂಡಿತು! ಕೆಮ್ಮಲ್ಲ, ಗರ್ಜನೆ. ಕೊಳವೆಯಲ್ಲಿ ಅಡಗಿದ್ದ ಪುರೋಹಿತರ ಅಕ್ಷತೆಯೆಲ್ಲ ಮಸಿಯ ಜೊತೆ ಭಡ್ ಎಂದು ಹಾರಿ, ಮಾಲೀಕರ ಪೇಟ, ಮೀಸೆ, ಹೆಗಲು ಎಲ್ಲದರ ಮೇಲೂ ಸುರಿಯಿತು. ಮದುವೆ ಗಂಡಿಗೂ ಅಷ್ಟು ಅಕ್ಷತೆ ಬಿದ್ದಿರಲಾರದು. ಗುಜರಿಯವನು ತಕ್ಕಡಿ ಬಿಟ್ಟು ಓಡಿದ.

ಅಜ್ಜಿ ಕಟ್ಟೆ ಮೇಲಿಂದ ಮಗನನ್ನು ಗದರಿದರು.

"ಏನೋ ಕಂಬದ ಹಾಗೆ ನಿಂತೆ? ಹಬ್ಬದ ದಿನ ತಲೆ ಮೇಲೆ ಅಕ್ಷತೆ ಬಿದ್ದಿದೆ. ನಮಸ್ಕಾರ ಮಾಡೋ!"

ಹುಟ್ಟಿದಾಗಿನಿಂದ ಆ ದನಿಗೆ ಬಗ್ಗಿದ ಬೆನ್ನು, ತಾನಾಗಿಯೇ ಬಗ್ಗಿತು. ಮಾಲೀಕರು ವ್ಯಾನಿಗೇ ಕೈ ಮುಗಿದುಬಿಟ್ಟರು.

ನಾನು ಗೇರು ಹಾಕಿ, ಮಸಿ ಕೈಯನ್ನು ಕಿಟಕಿಯಿಂದ ಹೊರಗೆ ಚಾಚಿದೆ.

"ನೂರು ಕಾಲ ಚೆನ್ನಾಗಿ ಬಾಳಪ್ಪ. ಈಗ ಗೇಟು ತೆಗಿ."