ಶಾಣ್ಯಾನ ನೌಕರಿ

ಶಾಣ್ಯಾರು ಹಿಂದ ಉಳಿಯೋದು, ದಡ್ಡರು ಮುಂದ ಹೋಗೋದು ನಮ್ಮ ಕಡೆ ದಿನಾ ನಡದದ್ದ. ಆದರ ಅದು ನನ್ನ ಪಾಲಿಗೇ ಇಷ್ಟು ಸಲ ಯಾಕ ಬಂತು ಅಂತ ನೆನಸಿದರ ಇವತ್ತಿಗೂ ಕುಂತಲ್ಲಿ ಕುಂದ್ರಾಕ ಆಗಂಗಿಲ್ಲ. ನಿಜಾಮರ ಕಾಲದ ಮಾತಿದು.

೧. ಸಾಹೇಬರ ನದಿ

ಮಸ್ಕಿ ಸಾಲ್ಯಾಗ ನಾನು ಎಲ್ಲಾದರಾಗೂ ಮೊದಲನೇವ. ನನ್ನ ಬಾಜೂ ಕೂಡೋ ದೋಸ್ತ ಕೊನೇವ. ಒಂದಿನ ಸಾಲಿ ತಪಾಸ ಮಾಡಾಕ ದೊಡ್ಡ ಸಾಹೇಬ ಬಂದ. ನಕಾಶದಾಗ ತುಂಗಭದ್ರಾದ ಮ್ಯಾಲ ಬೆತ್ತ ಇಟ್ಟು, "ಇದು ಕೃಷ್ಣಾ, ಹೌದಲ್ಲ?" ಅಂದ.

"ಅಲ್ರೀ, ತುಂಗಭದ್ರಾ" ಅಂದೆ ನಾನು. ದೋಸ್ತ ಎದ್ದು ನಿಂತು, "ಜೀ ಹುಜೂರ್, ಕೃಷ್ಣಾ" ಅಂದ. ಅವನಿಗೆ ಶಾಬಾಸ್ ಸಿಕ್ತು, ನನಗ ಬೆತ್ತದ ಏಟು.

ಸಾಹೇಬ ಹೊರಬಿದ್ದ ಮ್ಯಾಲ, "ನಾ ಅಂದದ್ದು ತಪ್ಪೇನ್ರೀ?" ಅಂತ ಮಾಸ್ತರನ್ನ ಕೇಳಿದೆ. ಅವರು ಕಿಟಕಿಯಾಗ ಇಣುಕಿ ನೋಡಿ, "ತಡೀಲೇ. ಸಾಹೇಬರ ಟಾಂಗಾ ಊರು ದಾಟೋತನಕ ಅದು ಕೃಷ್ಣಾನ" ಅಂದ್ರು.

೨. ಮಾವನ ಜ್ವಾಳ

ಗುರುಗುಂಟಾದಾಗ ನಮ್ಮ ಸೋದರಮಾವ ಇದ್ದ. "ಸರಕಾರಿ ನೌಕರಿ ಹಿಡಿ, ಮಗಳನ್ನ ಕೊಡತೀನಿ" ಅಂದಿದ್ದ. ಆ ಹುಡುಗಿ ಮ್ಯಾಲ ನನಗ ಜೀವ.

ಒಂದಿನ ಮಾವ ಅಂಗಳದಾಗ ಜ್ವಾಳ ಒಣಗಹಾಕಿ, "ಮಳಿ ಬರತೈತೇನೋ?" ಅಂದ. ಗಾಳಿ ಯಾವ ದಿಕ್ಕಿಂದು, ಮೋಡ ಎಷ್ಟು ಎತ್ತರದಾಗ ಐತಿ ಅಂತ ತಿಳಿಸಿ ಹೇಳಿ, ಬರಂಗಿಲ್ಲ ಅಂತ ನಾನು ಸಾಬೀತು ಮಾಡೋದ್ರೊಳಗ ಹನಿ ಬಿತ್ತು. ಹುಡುಗಿ ಆಗಲೇ ಅರ್ಧ ಜ್ವಾಳ ಒಳಗ ಹೊತ್ತು ಹಾಕಿದ್ದಳು.

ಮಾವ ತಲಿ ಒರಸಿಕೋತ ಮಗಳಿಗೆ ಅಂದ: "ಮದಿವಿ ಆದ ಮ್ಯಾಲ ಮಾತು ಇವಂಗ ಬಿಡವಾ, ಮುಗಿಲು ನೀ ನೋಡು."

೩. ಹಿಂದಕ್ಕ ನಡಿಯೋ ವಿದ್ಯಾ

ಲಿಂಗಸುಗೂರು ಕಚೇರ್ಯಾಗ ಒಂದು ಗುಮಾಸ್ತನ ಜಾಗ ಖಾಲಿ ಆತು. ನಾನೂ ಹೋದೆ, ದೋಸ್ತನೂ ಬಂದ. ಮಾವ ಗಾಡಿ ಹೂಡಕೊಂಡು ಬಂದು ಕಚೇರಿ ಅಂಗಳದಾಗ ಕುಂತ. ತಹಶೀಲ್ದಾರ ಸಾಹೇಬ ಕೇಳಿದ್ದಕ್ಕೆಲ್ಲ ನಾನು ಪಟಪಟ ಜವಾಬು ಕೊಟ್ಟೆ. ದೋಸ್ತ ಎಲ್ಲಾದಕ್ಕೂ, "ಗೊತ್ತಿಲ್ರೀ, ಹೇಳಿದರ ಕಲೀತೀನ್ರೀ" ಅಂದ. ಸಾಹೇಬ ಇಬ್ಬರಿಗೂ ಹೋಗ್ರಿ ಅಂದ.

ಸಾಹೇಬರಿಗೆ ಬೆನ್ನು ತೋರಸಬಾರದು, ಬಗ್ಗಿ ಸಲಾಮು ಮಾಡಕೋತ ಹಿಂದಹಿಂದಕ್ಕ ಹೋಗಬೇಕು ಅನ್ನೋದು ಆಗಿನ ರಿವಾಜು. ನಾನು ಬರೋವಾಗನ ಬಾಗಲದ ಗುರ್ತು ಹಿಡದಿದ್ದೆ. ಆದರ ಮಂದಿ ಕಡಿಂದ ಇಸಗೊಂಡು ತಂದ ಸಡ್ಲ ಪಗಡಿ ಕಣ್ಣಮ್ಯಾಲ ಇಳೀತು, ಬಾಜೂ ಬಾಗಲದಾಗ ಹೊಕ್ಕೆ. ಅದು ಕೈದಿಗಳನ್ನ ಕೂಡಿಹಾಕೋ ಹವಾಲಾತು. ಕೈದಿಗೆ ರೊಟ್ಟಿ ಕೊಟ್ಟು ಆಗಷ್ಟ ಹೊರಗ ಬಂದಿದ್ದ ಸಿಪಾಯಿನೂ ಸಾಹೇಬರಿಗೆ ಬೆನ್ನು ತೋರಸಂಗಿಲ್ಲಲ್ಲ, ಸಾಹೇಬರ ಕಡೆ ಮುಖ ಮಾಡಿ ನಿಂತು, ಒಳಗ ಯಾರು ಹೊಕ್ಕರು ಅಂತ ನೋಡದ ಹಿಂಗೈಲೆ ಕದ ಎಳದು ಕೀಲಿ ಜಡದ.

ದೋಸ್ತಗ ಹಿಂದಕ್ಕ ನಡಿಯಾಕ ಬರಂಗಿಲ್ಲ. ನಿಂತಲ್ಲೇ ನಿಂತಿದ್ದ. "ಹೋಗು ಅಂದರೂ ಬಿಟ್ಟು ಹೋಗವಲ್ಲ, ಭಾಳ ನಿಯತ್ತಿನ ಮನಷಾ" ಅಂತ ಸಾಹೇಬ ಅವಗ ಅಲ್ಲೇ ನೌಕರಿ ಕೊಟ್ಟ. ನಾನು ಕಿಟಕಿಯಾಗಿಂದ ನೋಡತೀನಿ, ಅಂಗಳದಾಗ ಮಾವ ದೋಸ್ತನ ಹೆಗಲಮ್ಯಾಲ ಕೈ ಇಟ್ಟು, "ಮದಿವಿ ಆಗೇತೇನಪಾ?" ಅಂತ ಕೇಳಾಕತ್ತಾನ. ಕದ ಬಡದೆ, ಒದರಿದೆ, ಅತ್ತಿಂದಿತ್ತ ಅಡ್ಡಾಡಿದೆ. ಯಾರೂ ಬರಲಿಲ್ಲ.

ಮೂಲ್ಯಾಗ ರೊಟ್ಟಿ ತಿನ್ನಾಕತ್ತಿದ್ದ ಕಳ್ಳ, "ಸುಮ್ಮ ಕುಂದರ್ರೀ. ಏನ ಮಾಡಿ ಬಂದ್ರಿ?" ಅಂದ.

"ಏನೂ ಇಲ್ಲ. ಸಾಹೇಬ ಕೇಳಿದ್ದಕ್ಕೆಲ್ಲ ಖರೇ ಜವಾಬು ಕೊಟ್ಟೆ."

ಕಳ್ಳ ರೊಟ್ಟಿ ಮುರದು ಅರ್ಧ ನನ್ನ ಕಡೆ ಚಾಚಿದ. "ಅದ ತಪ್ಪಾತು ನೋಡ್ರಿ. ನಾನೂ ಹಂಗ ಕೊಟ್ಟ ಒಳಗ ಬಂದೀನಿ."